ಒಂದೇ ಜಗಳ, ಎರಡು ನಿಯಮ: ನಾವು 2024ಕ್ಕೆ ಬಂದ ಬಗೆ

ಡಿ ಅಂಡ್ ಡಿ, ಅಂದರೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಉರುಳಿಸಿ ಆಡುವ ಕತೆಯಾಟ. ಅದರ ಐದನೇ ಆವೃತ್ತಿಯ 2014ರ ನಿಯಮ ಬಿಟ್ಟು 2024ರ ಪರಿಷ್ಕೃತ ನಿಯಮಕ್ಕೆ ಹೋಗಬೇಕಾ ಬೇಡವಾ ಅಂತ ನಮ್ಮ ಟೇಬಲ್‌ನಲ್ಲಿ ಮೂರ್ನಾಲ್ಕು ತಿಂಗಳು ಮಾತು ನಡೆಯಿತು. ಮಾತಿನಿಂದ ಏನೂ ಬಗೆಹರಿಯಲಿಲ್ಲ. ಬಗೆಹರಿಸಿದ್ದು ಆಟದೊಳಗಿನ ಒಂದು ಜಗಳ: ಒಂದು ಸೇತುವೆ, ಇಬ್ಬರು ಓಗರ್ (ರಾಕ್ಷಸರು), ಆರು ತೋಳ ಮತ್ತು ನನ್ನ ಫೋನಿನ ಸ್ಟಾಪ್‌ವಾಚ್. ಆಟ ನಡೆಸುವ ಡಿಎಂ ನಾನು. ಅದೇ ಜಗಳವನ್ನು ಎರಡೂ ನಿಯಮದಲ್ಲಿ ಆಡಿ ನೋಡೋಣ ಅಂದಾಗ ಐದು ಆಟಗಾರರಲ್ಲಿ ನಾಲ್ವರು ಬೇಡ ಅಂದಿದ್ದರು. "ಆಡಿದ ಜಗಳವನ್ನೇ ಮತ್ತೆ ಆಡೋದಾ? ಅದರಲ್ಲಿ ಏನು ಗೊತ್ತಾಗುತ್ತೆ?" ಅಂತ. ಗೊತ್ತಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ವಿಷಯ. 2008ರಲ್ಲಿ ನಾಲ್ಕನೇ ಆವೃತ್ತಿ ಬಂದಾಗ ಮೂರೂ ಮುಖ್ಯ ಪುಸ್ತಕ ಒಟ್ಟಿಗೇ ಹೊರಬಂದವು. ನಾನು ಮೂರನ್ನೂ ಒಂದೇ ಸಲಕ್ಕೆ ಕೊಂಡೆ. ಏಳೆಂಟು ಸೆಷನ್ ಆಡಿದೆವು, ಅಷ್ಟೇ. ಗುಂಪಿನ ಅರ್ಧ ಜನ ಹಿಂದಿನ 3.5 ಆವೃತ್ತಿಗೆ ವಾಪಸ್ ಹೋದರು, ಮರುವರ್ಷ ಅದನ್ನೇ ಆಧರಿಸಿದ ಪಾತ್‌ಫೈಂಡರ್ ಆಟ ಬಂದ ಮೇಲೆ ಅಲ್ಲೇ ನಿಂತರು. ನಾನು ಹಾಕಿದ ದುಡ್ಡು ಕಪಾಟಿನಲ್ಲಿ ಕೂತಿತು. ಆಟ ಕೆಟ್ಟದಾಗಿತ್ತು ಅಂತ ಇವತ್ತಿಗೂ ನಾನು ಹೇಳುವುದಿಲ್ಲ. ನಮ್ಮ ಟೇಬಲ್‌ಗೆ ಒಗ್ಗುತ್ತಾ ಅಂತ ನೋಡದೆ ಕೊಂಡಿದ್ದೇ ತಪ್ಪು.

ಈ ಸಲವೂ ಮೊದಲ ಪ್ರಯತ್ನ ಕೆಟ್ಟಿತು. 2024ರ ಸೆಪ್ಟೆಂಬರ್‌ನಲ್ಲಿ ಆಟಗಾರರ ಹೊಸ ನಿಯಮಪುಸ್ತಕ ಪ್ಲೇಯರ್ಸ್ ಹ್ಯಾಂಡ್‌ಬುಕ್ ಬಂತು. "ಬೇಕಾದವರು ಹೊಸದು ಆಡಿ, ಬೇಡದವರು ಹಳೇದೇ ಇಟ್ಟುಕೊಳ್ಳಿ" ಅಂದೆ. ಎರಡೂ ಹೊಂದುತ್ತವೆ ಅಂತಲೇ ಎಲ್ಲರೂ ಹೇಳುತ್ತಿದ್ದರಲ್ಲ. ಎರಡನೇ ಸೆಷನ್‌ನಲ್ಲೇ ಎಡವಟ್ಟಾಯಿತು. ಪ್ಯಾಲಡಿನ್ (ದೈವಬಲದ ಯೋಧ) ಆಡುವವನು ಹಳೇ ನಿಯಮದ ಪಾತ್ರದ ಶೀಟ್‌ನಲ್ಲಿದ್ದ. ಒಂದೇ ಟರ್ನ್‌ನಲ್ಲಿ ಎರಡು ಏಟು ಬಿತ್ತು, ಎರಡಕ್ಕೂ ಸ್ಮೈಟ್, ಅಂದರೆ ಸ್ಲಾಟ್ (ದಿನಕ್ಕೆ ಇಷ್ಟೇ ಅಂತ ಸಿಗುವ ಮಂತ್ರಶಕ್ತಿ) ಖರ್ಚು ಮಾಡಿ ಕೊಡುವ ಹೆಚ್ಚುವರಿ ಏಟು, ಸೇರಿಸಿದ. ಪಕ್ಕದಲ್ಲಿ ಹೊಸ ನಿಯಮ ಓದಿಕೊಂಡು ಬಂದಿದ್ದ ಕ್ಲೆರಿಕ್ (ಪುರೋಹಿತೆ), "ಈಗ ಅದು ಸ್ಪೆಲ್ ಅಲ್ವಾ? ಬೋನಸ್ ಆಕ್ಷನ್ ಬೇಕಲ್ವಾ? ಟರ್ನ್‌ಗೆ ಒಂದೇ ಸಲ ಅಲ್ವಾ?" ಅಂದಳು. (ಸ್ಪೆಲ್ ಅಂದರೆ ಮಂತ್ರ, ಬೋನಸ್ ಆಕ್ಷನ್ ಅಂದರೆ ಒಂದು ಟರ್ನ್‌ನಲ್ಲಿ ಮುಖ್ಯ ಕೆಲಸದ ಜೊತೆ ಸಿಗುವ ಒಂದು ಚಿಕ್ಕ ಕೆಲಸ.) ಅವನು ಕೈಯಲ್ಲಿದ್ದ ದಾಳಗಳನ್ನು ಸುಮ್ನೆ ಮೇಜಿನ ಮೇಲಿಟ್ಟ. ಅವತ್ತು ಅವನು ಮತ್ತೆ ಸ್ಮೈಟ್ ಮಾಡಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ನಿಯಮ ಅಂದರೆ ಗಣಿತ ಹೊಂದಿದರೂ ಮನಸ್ಸು ಹೊಂದುವುದಿಲ್ಲ.

ಆಮೇಲೆ ಸೇತುವೆಗೆ ಬಂದೆ. ನಡೆಯುತ್ತಿದ್ದ ಕ್ಯಾಂಪೇನ್ (ದೊಡ್ಡ ಕತೆ) ಪಕ್ಕಕ್ಕಿಟ್ಟೆವು. ಐದನೇ ಲೆವೆಲ್‌ನ ಐದು ಪಾತ್ರ: ಫೈಟರ್ (ಯೋಧ), ಪ್ಯಾಲಡಿನ್, ಕ್ಲೆರಿಕ್, ಡ್ರೂಯಿಡ್ (ಪ್ರಕೃತಿಯ ಮಂತ್ರಗಾತಿ), ರೋಗ್ (ಕಳ್ಳ). ಅದೇ ಮ್ಯಾಪ್, ಅದೇ ಶತ್ರುಗಳು. ಒಂದು ಸಲ ಹಳೇ ನಿಯಮ, ಒಂದು ವಾರ ಬಿಟ್ಟು ಹೊಸ ನಿಯಮ, ಇನ್ನೊಂದು ವಾರ ಬಿಟ್ಟು ಮತ್ತೆ ಹೊಸದೇ. ಮೂರನೇ ಸಲ ಬೇಕೇ ಬೇಕು. ಮೊದಲ ಸಲ ಹೊಸದು ಆಡುವಾಗ ನೀವು ಅಳೆಯುವುದು ನಿಯಮವನ್ನಲ್ಲ, ನಿಮ್ಮ ಗೊತ್ತಿಲ್ಲದಿರುವಿಕೆಯನ್ನು. ಹೊಸದಕ್ಕೆ ಪುಸ್ತಕವನ್ನೂ ಕೊಳ್ಳಲಿಲ್ಲ. 2025ರ ಏಪ್ರಿಲ್‌ನಲ್ಲಿ ಎಸ್‌ಆರ್‌ಡಿ 5.2 ಅನ್ನುವ ಹೊಸ ನಿಯಮಗಳ ಸಂಗ್ರಹ ಉಚಿತವಾಗಿ ಬಂದಿತ್ತು, ಅದೇ ಸಾಕಾಯಿತು. ಒಂದು ತೊಡಕು ಮಾತ್ರ ಇದೆ: ಅದರಲ್ಲಿ ಪ್ರತಿ ಕ್ಲಾಸ್‌ಗೆ (ಪಾತ್ರದ ಬಗೆಗೆ) ಒಂದೇ ಸಬ್‌ಕ್ಲಾಸ್ (ಒಳಬಗೆ). ನಮ್ಮ ಫೈಟರ್ ಬ್ಯಾಟಲ್ ಮಾಸ್ಟರ್ ಬಿಟ್ಟು ಚಾಂಪಿಯನ್ ಆಗಬೇಕಾಯಿತು, ಗೊಣಗಿದ. ಹೋಲಿಕೆ ಸರಿ ಇರಲಿ ಅಂತ ಹಳೇ ನಿಯಮದಲ್ಲೂ ಅವನನ್ನು ಚಾಂಪಿಯನ್ ಆಗಿಯೇ ಆಡಿಸಿದೆ.

ಎರಡೇ ಲೆಕ್ಕ ಬರೆದುಕೊಂಡೆ: ಜಗಳಕ್ಕೆ ಎಷ್ಟು ಹೊತ್ತು, ಎಷ್ಟು ಸಲ ಪುಸ್ತಕ ತೆಗೆದೆವು. ನೆನಪಿನಿಂದ ಹೇಳುವುದಾದರೆ ಹಳೇದು 55 ನಿಮಿಷ, ಪುಸ್ತಕ ನಾಲ್ಕು ಸಲ. ಹೊಸದು ಮೊದಲ ಸಲ 80 ನಿಮಿಷದ ಹತ್ತಿರ, ಪುಸ್ತಕ ಇಪ್ಪತ್ತಕ್ಕೂ ಜಾಸ್ತಿ. ಅವತ್ತು ಎಲ್ಲರೂ ನನ್ನ ಮುಖ ನೋಡಿದರು. ಮೂರನೇ ಸಲ 45 ನಿಮಿಷ, ಪುಸ್ತಕ ಆರು ಸಲ.

ಹೊತ್ತು ಉಳಿದಿದ್ದು ಎಲ್ಲಿ ಅಂತ ನೋಡಿದರೆ ಮುಖ್ಯವಾಗಿ ಡ್ರೂಯಿಡ್ ಹತ್ತಿರ. ಪ್ರಾಣಿಗಳನ್ನು ಕರೆಯುವ ಹಳೇ ಕಂಜೂರ್ ಅನಿಮಲ್ಸ್ ಮಂತ್ರದಲ್ಲಿ ಅವಳು ಎಂಟು ತೋಳ ಕರೆಯುತ್ತಿದ್ದಳು. ಎಂಟು ತೋಳ ನಡೆಯಬೇಕು, ಎಂಟು ಸಲ ಕಚ್ಚಬೇಕು. ನಾನು ಎದ್ದು ನೀರು ಕುಡಿದು ಬಂದರೂ ಮುಗಿದಿರುತ್ತಿರಲಿಲ್ಲ. ಹೊಸದರಲ್ಲಿ ಆ ಮಂದೆಯೆಲ್ಲ ಸೇರಿ ಮ್ಯಾಪ್ ಮೇಲೆ ಒಂದೇ ಗುರುತು. ಹತ್ತಿರ ಬಂದ ಶತ್ರು ಡೆಕ್ಸ್ ಸೇವ್ (ಚುರುಕಿನಿಂದ ತಪ್ಪಿಸಿಕೊಳ್ಳುವ ದಾಳ) ಹಾಕಬೇಕು, ತಪ್ಪಿದರೆ 3ಡಿ10 (ಹತ್ತು ಮುಖದ ಮೂರು ದಾಳ) ಏಟು. ಏಳೆಂಟು ನಿಮಿಷದ ಟರ್ನ್ ಎರಡು ನಿಮಿಷಕ್ಕೆ ಬಂತು. ನನ್ನ ಕಡೆಯ ತೋಳಗಳೂ ಹಗುರಾದವು. ಮೊದಲು ಕಚ್ಚಿದಾಗಲೆಲ್ಲ ಆಟಗಾರ ಸ್ಟ್ರೆಂತ್ ಸೇವ್ ಹಾಕಬೇಕಿತ್ತು, ಈಗ ಏಟು ಬಿತ್ತು ಅಂದರೆ ಮನುಷ್ಯನ ಗಾತ್ರದವನು ಸೀದಾ ನೆಲಕ್ಕೆ.

ಹೊತ್ತು ತಿಂದಿದ್ದು ವೆಪನ್ ಮಾಸ್ಟರಿ (ಆಯುಧಕ್ಕೊಂದು ವಿಶೇಷ ವರಸೆ), ಅದರಲ್ಲೂ ಟಾಪಲ್ (ಶತ್ರುವನ್ನು ಕೆಡವುವುದು). ಫೈಟರ್ ಕೈಯಲ್ಲಿ ಮಾಲ್ (ದೊಡ್ಡ ಸುತ್ತಿಗೆ). ಪ್ರತಿ ಏಟಿಗೂ ನಾನು ಓಗರ್ ಪರವಾಗಿ ಕಾನ್ ಸೇವ್ (ದೇಹದಾರ್ಢ್ಯದ ದಾಳ) ಹಾಕಬೇಕು. ಡಿಸಿ (ಮುಟ್ಟಬೇಕಾದ ಅಂಕ) 15, ಓಗರ್‌ಗೆ +3, ಅಂದರೆ ದಾಳದಲ್ಲಿ 12 ಬರಬೇಕು. ಆಕ್ಷನ್ ಸರ್ಜ್ (ಇನ್ನೊಮ್ಮೆ ದಾಳಿಯ ಅವಕಾಶ) ಬಳಸಿದರೆ ಒಂದೇ ಟರ್ನ್‌ನಲ್ಲಿ ನಾಲ್ಕು ಸೇವ್. ಮೊದಲ ಸಲ ಆಟ ಕುಂಟಿದ್ದು ಇಲ್ಲೇ. ಮೂರನೇ ಸಲಕ್ಕೆ ಇದಕ್ಕೊಂದು ಉಪಾಯ ಮಾಡಿಕೊಂಡೆ, ದಾಳ ಉರುಳಿಸುವ ಸದ್ದೇ ಇಲ್ಲದೆ ಸೇವ್ ಮುಗಿಯುತ್ತದೆ. ಅದು ನಮ್ಮ ಟೇಬಲ್‌ಗೇ ಇರಲಿ, ನಮ್ಮ ಫೈಟರ್ ಇದನ್ನು ಓದುತ್ತಾನೆ. ಆದರೆ ಒಂದು ಮಾತು: ಬಿದ್ದ ಓಗರ್ ಮೇಲೆ ರೋಗ್ ಹಾರಿ ಹೋಗಿ ಅಡ್ವಾಂಟೇಜ್‌ನಿಂದ (ಎರಡು ದಾಳದಲ್ಲಿ ದೊಡ್ಡದು ಲೆಕ್ಕ) ಸ್ನೀಕ್ ಅಟ್ಯಾಕ್ (ರೋಗ್‌ನ ಹೆಚ್ಚುವರಿ ಏಟು) ಹೊಡೆದಾಗ ಇಡೀ ಟೇಬಲ್ ಎದ್ದು ನಿಂತಿತು. ಹಳೇ ನಿಯಮದಲ್ಲಿ ಫೈಟರ್‌ಗೂ ರೋಗ್‌ಗೂ ಇಷ್ಟು ಜೊತೆಗಾರಿಕೆ ನಾನು ನೋಡಿರಲಿಲ್ಲ.

ಗಾಯ ವಾಸಿಮಾಡುವ ಕ್ಯೂರ್ ವೂಂಡ್ಸ್ ಮಂತ್ರ 1ಡಿ8ರಿಂದ 2ಡಿ8 ಆಗಿದ್ದು, ಪೋಶನ್ (ಗಾಯದ ಮದ್ದು) ಕುಡಿಯೋದು ಬೋನಸ್ ಆಕ್ಷನ್ ಆಗಿದ್ದು ಎಲ್ಲರಿಗೂ ಹಿಡಿಸಿತು. ಅದರ ಬಗ್ಗೆ ಜಗಳವೇ ಇಲ್ಲ. ಸರ್‌ಪ್ರೈಸ್ ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ. ಹೊಂಚು ಹಾಕಿ ಬಿದ್ದರೂ ಶತ್ರುವಿಗೆ ಇನಿಶಿಯೇಟಿವ್‌ನಲ್ಲಿ (ಯಾರ ಸರದಿ ಮೊದಲು ಅನ್ನುವ ದಾಳ) ಡಿಸ್‌ಅಡ್ವಾಂಟೇಜ್ (ಎರಡು ದಾಳದಲ್ಲಿ ಚಿಕ್ಕದು ಲೆಕ್ಕ) ಅಷ್ಟೇ, ಟರ್ನ್ ಹೋಗುವುದಿಲ್ಲ. ಗಂಟೆಗಟ್ಟಲೆ ಪ್ಲಾನ್ ಮಾಡಿದವರಿಗೆ ಅದು ಅನ್ಯಾಯ. ನಮ್ಮಲ್ಲಿ ಹಳೇದನ್ನೇ ಉಳಿಸಿಕೊಂಡಿದ್ದೇವೆ.

ಇದರ ನಡುವೆ ಇನ್ನೊಂದು ಪ್ರಯೋಗವೂ ಆಯಿತು. ನಾನು ನಡೆಸುವ ಇನ್ನೊಂದು ಗುಂಪು ಪೂರ್ತಿ 2014ರಲ್ಲಿದೆ, ಬದಲಾಗುವ ಆಸೆಯೂ ಅವರಿಗಿಲ್ಲ. ಅಲ್ಲಿ ಹೊಸ ಎಕ್ಸಾಶ್ಚನ್ (ದಣಿವು) ನಿಯಮವೊಂದನ್ನೇ ತಂದೆ. ಆರು ಮೆಟ್ಟಿಲಿನ ಹಳೇ ಪಟ್ಟಿ ಯಾರಿಗೂ ಬಾಯಿಪಾಠ ಬರುತ್ತಿರಲಿಲ್ಲ. ಈಗ ಒಂದು ಮಟ್ಟಕ್ಕೆ ಡಿ20 (ಇಪ್ಪತ್ತು ಮುಖದ ದಾಳ) ಮೇಲೆ 2 ಕಡಿಮೆ, ನಡಿಗೆ 5 ಅಡಿ ಕಡಿಮೆ. ಮರುಭೂಮಿ ದಾಟುವ ಕತೆ ಮೂರು ಸೆಷನ್ ನಡೆಯಿತು, ಒಮ್ಮೆಯೂ ಪುಸ್ತಕ ತೆಗೆಯಲಿಲ್ಲ. ಪೂರ್ತಿ ಹೋಗಲು ಮನಸ್ಸಿಲ್ಲದವರು ಇದೊಂದನ್ನಾದರೂ ತೆಗೆದುಕೊಳ್ಳಿ.

ಮೂರನೇ ಸೇತುವೆ ಮುಗಿದ ಮೇಲೆ ನಾನು ಓಟು ಹಾಕಿಸಲಿಲ್ಲ. "ನಿಮ್ಮ ಪಾತ್ರ ಯಾವುದರಲ್ಲಿ ಚೆನ್ನಾಗಿತ್ತು?" ಅಂತ ಒಬ್ಬೊಬ್ಬರನ್ನೇ ಬೇರೆಬೇರೆ ಕೇಳಿದೆ. ನಾಲ್ವರು ಹೊಸದು ಅಂದರು. ಪ್ಯಾಲಡಿನ್ ಎರಡು ದಿನ ಟೈಮ್ ಕೇಳಿದ. ಕ್ಯಾಂಪೇನ್‌ನ ಅಧ್ಯಾಯ ಮುಗಿಯುವವರೆಗೆ ಹಳೇದೇ, ಆಮೇಲೆ ಎಲ್ಲರೂ ಒಟ್ಟಿಗೆ ಅಂತ ಮಾತು ಕೊಟ್ಟೆ, ಹಾಗೇ ನಡೆದುಕೊಂಡೆ. ಖರ್ಚು? ಟೇಬಲ್‌ಗೆ ಒಂದೇ ಹ್ಯಾಂಡ್‌ಬುಕ್, ಆರು ಜನ ಹಂಚಿಕೊಂಡೆವು. 2008ರಲ್ಲಿ ನಾನೊಬ್ಬನೇ ಹಾಕಿದ್ದು ಮೂರು ಪುಸ್ತಕದ ದುಡ್ಡು, ಈಗ ನನ್ನ ಪಾಲಿಗೆ ಬಂದಿದ್ದು ಒಂದರ ಆರನೇ ಒಂದು ಭಾಗ. ಡಿಎಂ ಗೈಡ್ ಇನ್ನೂ ಕೊಂಡಿಲ್ಲ, ಬೇಕು ಅನ್ನಿಸಿಲ್ಲ.

ಮೂರನೇ ದಿನ ಪ್ಯಾಲಡಿನ್ ತಾನೇ ಪೆನ್ಸಿಲ್‌ನಲ್ಲಿ ಹೊಸ ಶೀಟ್ ಬರೆದುಕೊಂಡು ಬಂದ. ಸ್ಮೈಟ್ ಇದ್ದ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದ. "ಟರ್ನ್‌ಗೆ ಒಂದೇ ಸಲ ಅಂದ್ರೆ ಸ್ಲಾಟ್ ರಾತ್ರಿವರೆಗೂ ಉಳಿಯುತ್ತೆ" ಅಂದ.