ಒಲೆ ಕೊಳ್ಳುವ ಮೊದಲು ಪಾತ್ರೆಗಳನ್ನು ನೋಡಿದೆ

ಹಳೆಯ ಗ್ಯಾಸ್ ಒಲೆಯನ್ನು ಬದಲಿಸಲೇಬೇಕಾದಾಗ ಮತ್ತೆ ಗ್ಯಾಸೇ ಇರಲಿಯೋ, ವಿದ್ಯುತ್ ಒಲೆ ತರೋಣವೋ ಎಂಬ ಪ್ರಶ್ನೆ ಎದ್ದಿತು. ಕೇಳಿದವರೆಲ್ಲ ತಮ್ಮ ಮನೆಯಲ್ಲಿ ಇರುವುದನ್ನೇ ಹೊಗಳಿದರು. ಆ ಗೊಡವೆಯೇ ಬೇಡವೆಂದು ಒಂದು ಅಯಸ್ಕಾಂತ ಹಿಡಿದು ಪಾತ್ರೆಗಳ ಕಪಾಟಿನ ಮುಂದೆ ಕುಳಿತೆ.

ವಿದ್ಯುತ್ ಒಲೆಗಳಲ್ಲೊಂದಾದ ಇಂಡಕ್ಷನ್ ಒಲೆ ಪಾತ್ರೆಯನ್ನು ಉರಿಯಿಂದ ಸುಡುವುದಿಲ್ಲ. ಗಾಜಿನ ಕೆಳಗಿನ ತಾಮ್ರದ ಸುರುಳಿ ಸೆಕೆಂಡಿಗೆ 20,000ಕ್ಕೂ ಹೆಚ್ಚು ಬಾರಿ ದಿಕ್ಕು ಬದಲಿಸುವ ಕಾಂತಕ್ಷೇತ್ರವನ್ನು ಹುಟ್ಟಿಸುತ್ತದೆ. ಅದರಿಂದ ಪಾತ್ರೆಯ ತಳದೊಳಗೇ ವಿದ್ಯುತ್ ಸುಳಿದು ತಳವೇ ಬಿಸಿಯಾಗುತ್ತದೆ. ಅದಕ್ಕೆ ಅಯಸ್ಕಾಂತ ಕಚ್ಚಿಕೊಳ್ಳುವ ತಳ ಬೇಕು. ಎರಕದ ಕಬ್ಬಿಣದ ಕಾವಲಿಗೆ ಅದು ಠಪ್ಪೆಂದು ಅಂಟಿತು. ಅಲ್ಯುಮಿನಿಯಂ, ತಾಮ್ರದ ಪಾತ್ರೆಗಳು ಅತ್ತ ತಿರುಗಿಯೂ ನೋಡಲಿಲ್ಲ. ಆಟವಾಡಿಸಿದ್ದು ಸ್ಟೀಲ್: ಒಂದೇ ಹೊಳಪು, ಒಂದೇ ಆಕಾರ, ಆದರೂ ಒಂದಕ್ಕೆ ಅಂಟಿತು, ಇನ್ನೊಂದರಿಂದ ಜಾರಿ ಬಿತ್ತು. ನಿಕ್ಕಲ್ ಬೆರೆತ 304 ದರ್ಜೆಯ ಸ್ಟೀಲ್ ಅಯಸ್ಕಾಂತಕ್ಕೆ ಒಲಿಯುವುದಿಲ್ಲ, 430 ದರ್ಜೆಯದು ಒಲಿಯುತ್ತದೆ. ಗುಂಡು ತಳದ ಬಾಣಲೆಗೆ ಅಂಟಿದರೂ ಪ್ರಯೋಜನವಿರಲಿಲ್ಲ. ಸಮತಟ್ಟಾದ ಗಾಜಿಗೆ ಅದು ತಾಗುವುದೇ ನಾಣ್ಯದಷ್ಟು ಜಾಗದಲ್ಲಿ.

ಆಮೇಲೆ ಪರಿಚಯದವರಿಂದ ಇಂಡಕ್ಷನ್ ಒಲೆಯೊಂದನ್ನು ತಂದು ಬಳಸಿ ನೋಡಿದೆ. ನೀರು ಕಾಯಿಸುವುದರಲ್ಲಿ ಗ್ಯಾಸ್ ಅದರ ಹತ್ತಿರಕ್ಕೂ ಬರುವುದಿಲ್ಲ. 2,000 ವಾಟ್‌ನಲ್ಲಿ ಒಂದು ಲೀಟರ್ ನೀರು ಮೂರು ನಾಲ್ಕು ನಿಮಿಷಗಳಲ್ಲಿ ಮರಳುತ್ತದೆ. ಗ್ಯಾಸ್ ಉರಿಯ ಶಾಖದಲ್ಲಿ ಒಂದು ಪಾಲಷ್ಟೇ ಪಾತ್ರೆಗೆ ಸೇರಿ, ಮಿಕ್ಕದ್ದು ಅಂಚಿನಿಂದ ಮೇಲೆದ್ದು ಅಡುಗೆ ಮಾಡುವವರ ಮುಖಕ್ಕೇ ಬಡಿಯುತ್ತದೆ. ಬೇಸಿಗೆಯಲ್ಲಿ ಒಲೆಯ ಮುಂದೆ ನಿಂತವರಿಗೆ ಇದನ್ನು ವಿವರಿಸಬೇಕಿಲ್ಲ.

ಇಂಡಕ್ಷನ್ ಸೋತದ್ದು ಸಣ್ಣ ಉರಿಯ ಕೆಲಸದಲ್ಲಿ. ಕಾವು ತಗ್ಗಿಸಿದಾಗ ಆ ಒಲೆ ನಿಜಕ್ಕೂ ತಗ್ಗುತ್ತಿರಲಿಲ್ಲ. ಕೆಲವು ಸೆಕೆಂಡು ಜೋರಾಗಿ ಕಾದು, ಕೆಲವು ಸೆಕೆಂಡು ಪೂರ್ತಿ ಸುಮ್ಮನಾಗುತ್ತಿತ್ತು. ತೆಳು ಪಾತ್ರೆಯ ಹಾಲು ಬುಸ್ಸೆಂದು ಏರಿ, ಇಳಿದು, ಮತ್ತೆ ಏರುತ್ತಿತ್ತು. ಬಗ್ಗಿಸಿ ನೋಡಿದರೆ ಸುರುಳಿಯ ಅಳತೆಗೆ ಸರಿಯಾಗಿ ಬಳೆಯ ಆಕಾರದಲ್ಲಿ ತಳ ಹಿಡಿದಿತ್ತು. ದಪ್ಪ ತಳದ ಪಾತ್ರೆಯಲ್ಲಿ ಈ ತೊಂದರೆ ಬಹುಮಟ್ಟಿಗೆ ಇಲ್ಲ. ಬೆಲೆಯ ಚೀಟಿಗಿಂತ ಮೊದಲು ಈ ಸಣ್ಣ ಕಾವಿನ ನಡತೆಯನ್ನು ನೋಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಕೆಂಪಗೆ ಕಾಯುವ ಕಾಯಿಲ್ ಒಲೆಯ ಬಗ್ಗೆ ಹೆಚ್ಚು ಯೋಚಿಸಲಿಲ್ಲ. ಯಾವ ಲೋಹದ ಪಾತ್ರೆಯಾದರೂ ನಡೆಯುತ್ತದೆ, ನಿಜ. ಆದರೆ ಕಾಯಲೂ ತಡ, ಆರಲೂ ತಡ. ಸ್ವಿಚ್ ಆರಿಸಿ ಪಾತ್ರೆಯನ್ನು ಅಲ್ಲೇ ಬಿಟ್ಟರೆ ಅಡುಗೆ ಸೀಯುತ್ತದೆ.

ವಯರಿಂಗ್ ಕೂಡ ನೋಡಿಸಿದೆ. 230 ವೋಲ್ಟ್‌ನಲ್ಲಿ 2,000 ವಾಟ್ ಎಂದರೆ ಸುಮಾರು 9 ಆಂಪಿಯರ್; ದೀಪಕ್ಕೂ ಮೊಬೈಲ್ ಚಾರ್ಜರಿಗೂ ಇಟ್ಟ ಸಾಕೆಟ್‌ನ ಕೆಲಸವಲ್ಲ ಅದು. ಎಲೆಕ್ಟ್ರಿಷಿಯನ್ ಒಲೆಗೆಂದೇ ದಪ್ಪ ತಂತಿ ಎಳೆದು 16 ಆಂಪಿಯರ್ ಸಾಕೆಟ್ ಕೂರಿಸಿದರು.

ಕೊನೆಗೆ ಇಂಡಕ್ಷನ್ ಒಲೆಯನ್ನು ಕೊಂಡೆ. ಜೊತೆಗೆ ಒಂದೇ ಬರ್ನರಿನ ಪುಟ್ಟ ಗ್ಯಾಸ್ ಒಲೆಯನ್ನೂ ಉಳಿಸಿಕೊಂಡೆ, ಗುಂಡು ಬಾಣಲೆಗೆ ಮತ್ತು ಕರೆಂಟ್ ಹೋದ ಹೊತ್ತಿಗೆ. ಗ್ಯಾಸ್ ಉರಿದಾಗ ನೈಟ್ರೋಜನ್ ಡೈಆಕ್ಸೈಡ್ ಹುಟ್ಟುತ್ತದೆ, ಉರಿ ಸರಿಯಿಲ್ಲದಿದ್ದರೆ ಕಾರ್ಬನ್ ಮಾನಾಕ್ಸೈಡ್ ಕೂಡ. ಹಾಗಾಗಿ ಅದನ್ನು ಹಚ್ಚುವ ಮೊದಲು ಕಿಟಕಿ ತೆರೆಯುತ್ತೇನೆ. ಸಿಲಿಂಡರಿನ ಅನಿಲ ಗಾಳಿಗಿಂತ ಭಾರವಾದದ್ದು, ಸೋರಿದರೆ ನೆಲದ ಮಟ್ಟದಲ್ಲೇ ನಿಲ್ಲುತ್ತದೆ. ಆದ್ದರಿಂದ ಕೆಲಸ ಮುಗಿದೊಡನೆ ರೆಗ್ಯುಲೇಟರನ್ನೂ ಬಂದ್ ಮಾಡುತ್ತೇನೆ.