ಚಳಿಗೆ ಲಾರಿ ಸ್ಟಾರ್ಟ್ ಆಗ್ತಿಲ್ವಾ? ಪಂಪ್ ಬಿಚ್ಚಿಸುವ ಮೊದಲು ಹೀಗೆ ನೋಡಿ

ಡಿಸೆಂಬರ್ ಬಂತೆಂದರೆ ಮಡಿಕೇರಿ, ಮೂಡಿಗೆರೆ, ಸಕಲೇಶಪುರದ ಕಡೆ ಕಾಫಿ ಕೊಯ್ಲು ಜೋರು. ಹಳೇ ಲಾರಿಗಳ ತಕರಾರೂ ಆಗಲೇ ಶುರು. ಮಧ್ಯಾಹ್ನ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುವ ಗಾಡಿ ಬೆಳಿಗ್ಗೆ ಆರು ಗಂಟೆಗೆ ಜಪ್ಪಯ್ಯ ಅಂದರೂ ಏಳುವುದಿಲ್ಲ. ಆಮೇಲೆ ಆಗುವುದು ಎಲ್ಲ ಕಡೆ ಒಂದೇ. ಬ್ಯಾಟರಿ ಇಳಿಯುವ ತನಕ ಸೆಲ್ಫ್ ಹೊಡೆಯುತ್ತಾರೆ. ನಾಲ್ಕು ಜನ ಸೇರಿ ತಳ್ಳುತ್ತಾರೆ. ಸಂಜೆಗೆ ಡೀಸೆಲ್ ಪಂಪ್ ಬಿಚ್ಚಿ ಪೇಟೆಗೆ ಕಳಿಸುತ್ತಾರೆ. ಪಂಪ್ ರಿಪೇರಿ ಆಗಿ ಬಂದ ಮೇಲೂ ಬೆಳಗಿನ ಕಥೆ ಅದೇ.

ಡೀಸೆಲ್ ಎಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇಲ್ಲ. ಪಿಸ್ಟನ್ ಗಾಳಿಯನ್ನು ಒತ್ತಿ ಒತ್ತಿ ಬಿಸಿ ಮಾಡಬೇಕು, ಆ ಬಿಸಿಗೇ ಡೀಸೆಲ್ ಹತ್ತಿಕೊಳ್ಳಬೇಕು. ಅದಕ್ಕೆ ಮೂರು ಸರಿ ಇರಬೇಕು: ಎಂಜಿನ್ ಜೋರಾಗಿ ತಿರುಗಬೇಕು, ಗಾಳಿ ಸೇರದ ಡೀಸೆಲ್ ಬರಬೇಕು, ಕಂಪ್ರೆಷನ್ (ಪಿಸ್ಟನ್ ಗಾಳಿಯನ್ನು ಒತ್ತುವ ಒತ್ತಡ) ಇರಬೇಕು. ಇವುಗಳಲ್ಲಿ ಮೊದಲೇ ಯಾವುದೋ ಒಂದು ಸೋತಿರುತ್ತದೆ, ಚಳಿ ಅದನ್ನು ಹೊರಗೆ ಹಾಕುತ್ತದೆ ಅಷ್ಟೇ. ‘ಡೀಸೆಲ್ ಗಟ್ಟಿಯಾಗಿದೆ’ ಎನ್ನುವ ಮಾತನ್ನು ನಮ್ಮ ಕಡೆ ನಂಬಬೇಡಿ. ಅದು ಲಡಾಖ್‌ನಂಥ ಜಾಗದ ಸಮಸ್ಯೆ. ಅಲ್ಲಿಗೆಂದೇ ಇಂಡಿಯನ್ ಆಯಿಲ್ 2019ರಲ್ಲಿ ಮೈನಸ್ 33 ಡಿಗ್ರಿಯ ಚಳಿಯಲ್ಲೂ ಹರಿಯುವ ಡೀಸೆಲ್ ತಂದಿತು. ಮಲೆನಾಡಿನ 10–12 ಡಿಗ್ರಿಗೆ ಡೀಸೆಲ್ ಹೆಪ್ಪುಗಟ್ಟಿ ಲಾರಿ ನಿಂತಿದ್ದನ್ನು ನಾನಂತೂ ನೋಡಿಲ್ಲ.

ಮೊದಲು ಸದ್ದು ಕೇಳಿ, ಹೊಗೆ ನೋಡಿ

ಒಬ್ಬರು ಸೆಲ್ಫ್ ಹೊಡೆಯಲಿ, ಇನ್ನೊಬ್ಬರು ಸೈಲೆನ್ಸರ್ ಹತ್ತಿರ ನಿಲ್ಲಲಿ. ಹತ್ತು ಸೆಕೆಂಡ್ ಸಾಕು. ಅದಕ್ಕಿಂತ ಜಾಸ್ತಿ ಹೊಡೆದರೆ ಸೆಲ್ಫ್ ಮೋಟಾರ್ ಸುಡುತ್ತದೆ. ಎರಡನೇ ಸಲ ಹೊಡೆಯುವ ಮೊದಲು ಒಂದು ನಿಮಿಷ ಬಿಡಿ.

ಎಂಜಿನ್ ನಿಧಾನಕ್ಕೆ ಎಳೆದು ಎಳೆದು ತಿರುಗುತ್ತಿದ್ದರೆ ಕರೆಂಟಿನ ಕಡೆ ಹೋಗಿ. ಜೋರಾಗಿ ತಿರುಗುತ್ತಿದೆ, ಆದರೆ ಹೊಗೆಯೇ ಇಲ್ಲ ಅಂದರೆ ಸಿಲಿಂಡರಿಗೆ ಡೀಸೆಲ್ ಹೋಗುತ್ತಿಲ್ಲ. ಬಿಳಿ ಹೊಗೆ ಬರುತ್ತಿದೆ, ಕಣ್ಣು ಉರಿಯುವಂಥ ಡೀಸೆಲ್ ವಾಸನೆ ಇದೆ ಅಂದರೆ ಡೀಸೆಲ್ ಹೋಗುತ್ತಿದೆ, ಉರಿಯುತ್ತಿಲ್ಲ. ಇಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ಎಂಜಿನ್ ಆಫ್ ಮಾಡಲು ಎಳೆಯುವ ಸ್ಟಾಪ್ ಕೇಬಲ್ ಪೂರ್ತಿ ವಾಪಸ್ ಹೋಗಿದೆಯಾ ಅಂತಲೂ ನೋಡಿ. ಒಳಗಿನ ಗ್ರೀಸ್ ಚಳಿಗೆ ಬಿಗಿಯಾಗಿ ಪಂಪಿನ ಲಿವರ್ ಅರ್ಧಕ್ಕೇ ನಿಂತಿರುತ್ತದೆ.

ಬ್ಯಾಟರಿ

ರಾತ್ರಿಯೆಲ್ಲ ನಿಂತ ಗಾಡಿಯ 12 ವೋಲ್ಟ್ ಬ್ಯಾಟರಿ 12.6 ತೋರಿಸಬೇಕು. 12.2 ಇದ್ದರೆ ಅರ್ಧ ಖಾಲಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ದೊಡ್ಡ ಲಾರಿಯಲ್ಲಿ ಎರಡು ಬ್ಯಾಟರಿ ಸೇರಿ 24 ವೋಲ್ಟ್; ಎರಡನ್ನೂ ಬೇರೆ ಬೇರೆ ಅಳೆಯಿರಿ. ಒಂದು ಹಳೆಯದು, ಒಂದು ಹೊಸದು ಹಾಕಿದರೆ ಹೊಸದೂ ಬೇಗ ಹಾಳಾಗುತ್ತದೆ. ಹಾಕಿದರೆ ಜೋಡಿಯೇ ಹಾಕಿ.

ಬ್ಯಾಟರಿ ಸರಿ ಇದ್ದರೆ ಅರ್ತ್ ಪಟ್ಟಿ (ಬ್ಯಾಟರಿಯ ಮೈನಸ್ಸನ್ನು ಷಾಸಿಗೆ ಸೇರಿಸುವ ಪಟ್ಟಿ) ನೋಡಿ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಮೇಲೆ, ಇನ್ನೊಂದು ಎಂಜಿನ್ ಬ್ಲಾಕ್ ಮೇಲೆ ಇಟ್ಟು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟಿಗಿಂತ ಜಾಸ್ತಿ ಬಂದರೆ ಪಟ್ಟಿ ಬಿಚ್ಚಿ, ಷಾಸಿಯ ಪೇಂಟ್, ತುಕ್ಕು ಎಲ್ಲ ಕೆರೆದು, ಬಿಗಿಯಾಗಿ ಕಟ್ಟಿ. ಎಂಜಿನ್‌ಗೆ 20W-50 ಎಂಬ ದಪ್ಪ ಆಯಿಲ್ ಹಾಕಿದ್ದರೆ ಅದೂ ಚಳಿಗೆ ಎಳೆಯುತ್ತದೆ. 15W-40 ಸಾಕು.

ಎಲ್ಲರೂ ಎಡವುವುದು ಇಲ್ಲಿ: ಡೀಸೆಲ್ ಲೈನಿನ ಗಾಳಿ

ಟ್ಯಾಂಕಿನಿಂದ ಡೀಸೆಲ್ ಎಳೆದು ದೊಡ್ಡ ಡೀಸೆಲ್ ಪಂಪಿಗೆ ಕೊಡುವ ಸಣ್ಣ ಪಂಪೇ ಫೀಡ್ ಪಂಪ್; ಟ್ಯಾಂಕಿನಿಂದ ಅದರ ತನಕ ಡೀಸೆಲನ್ನು ಅದೇ ಎಳೆದುಕೊಳ್ಳುತ್ತದೆ. ಈ ಭಾಗದಲ್ಲಿ ಸಣ್ಣ ಸಂದಿ ಇದ್ದರೆ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ನೆಲದ ಮೇಲೆ ಒಂದು ಹನಿಯೂ ಬಿದ್ದಿರುವುದಿಲ್ಲ. ಅದಕ್ಕೇ ‘ಲೀಕೇಜ್ ಇಲ್ಲ, ಪಂಪೇ ಹೋಗಿದೆ’ ಎನ್ನುತ್ತಾರೆ. ರಾತ್ರಿ ಗಾಡಿ ನಿಂತಾಗ ಆ ಸಂದಿಯಿಂದ ಗಾಳಿ ಸೇರಿ, ಪೈಪಿನಲ್ಲಿದ್ದ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿಯುತ್ತದೆ. ಹಳೇ ರಬ್ಬರ್ ಪೈಪ್ ಚಳಿಗೆ ಗಟ್ಟಿಯಾಗಿ ಕ್ಲಿಪ್ಪಿನ ಹತ್ತಿರ ಸಂದಿ ಬಿಡುತ್ತದೆ. ಬೆಳಿಗ್ಗೆಯೇ ತೊಂದರೆ ಬರುವುದು ಇದರಿಂದ.

ಪರೀಕ್ಷೆ ಸುಲಭ. ಬೆಳಿಗ್ಗೆ ಸೆಲ್ಫ್ ಮುಟ್ಟುವ ಮೊದಲೇ ಫೀಡ್ ಪಂಪ್ ಮೇಲಿನ ಹ್ಯಾಂಡ್ ಪ್ರೈಮರ್ (ಕೈಯಿಂದ ಒತ್ತಿ ಡೀಸೆಲ್ ಎಳೆಯುವ ಗುಬುಟು) ತಿರುಗಿಸಿ ಸಡಿಲಿಸಿ, ಒತ್ತಿ. ಮೊದಲು ಸುಮ್ನೆ ಹಗುರವಾಗಿ ಹೋಗುತ್ತದೆ, ಡೀಸೆಲ್ ತುಂಬಿದ ಮೇಲೆ ಕೈಗೆ ಬಿಗಿ ಸಿಗುತ್ತದೆ. ಈಗ ಸೆಲ್ಫ್ ಹೊಡೆಯಿರಿ. ತಕ್ಷಣ ಸ್ಟಾರ್ಟ್ ಆಯಿತಾ? ಹಾಗಾದರೆ ಗಾಳಿಯೇ ಕಾರಣ, ಪಂಪ್ ಮುಟ್ಟಲೇಬೇಡಿ. ಇಳಿಜಾರಿನ ಊರಿನವರಿಗೆ ಇನ್ನೊಂದು ಸುಳಿವು: ಮೂತಿ ಮೇಲಕ್ಕಿದ್ದ ರಾತ್ರಿ ಕಾಟ, ಕೆಳಕ್ಕಿದ್ದ ರಾತ್ರಿ ಇಲ್ಲ ಅಂದರೆ ಇದೇ ಸಮಸ್ಯೆ.

ಇನ್ನು ಗಾಳಿ ಎಲ್ಲಿಂದ ಅಂತ ಹುಡುಕಬೇಕು. ಟ್ಯಾಂಕಿನಿಂದ ಬರುವ ಪೈಪನ್ನು ಫೀಡ್ ಪಂಪ್ ಹತ್ತಿರ ಬಿಚ್ಚಿ. ಒಂದು ಕ್ಯಾನಿನಲ್ಲಿ ಶುದ್ಧ ಡೀಸೆಲ್ ತೆಗೆದುಕೊಂಡು, ಒಂದು ಪಾರದರ್ಶಕ ಪೈಪಿನ ತುದಿ ಅದರಲ್ಲಿ ಮುಳುಗಿಸಿ, ಇನ್ನೊಂದು ತುದಿ ಫೀಡ್ ಪಂಪಿಗೆ ಕ್ಲಿಪ್ ಹಾಕಿ ಬಿಗಿಯಿರಿ. ಕ್ಯಾನನ್ನು ಟ್ಯಾಂಕಿನ ಮಟ್ಟದಲ್ಲೇ ಇಡಬೇಕು. ಇಲ್ಲೇ ತಪ್ಪು ಮಾಡುವುದು. ಕ್ಯಾನ್ ಎತ್ತರದಲ್ಲಿಟ್ಟರೆ ಡೀಸೆಲ್ ತಾನಾಗಿ ಇಳಿದು ಬಂದು ದೋಷ ಮುಚ್ಚಿಹೋಗುತ್ತದೆ, ಪರೀಕ್ಷೆಯೇ ಸುಳ್ಳಾಗುತ್ತದೆ. ಗಾಳಿ ತೆಗೆದು, ಸ್ಟಾರ್ಟ್ ಮಾಡಿ ಆಫ್ ಮಾಡಿ, ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಸರಿಯಾಗಿ ಸ್ಟಾರ್ಟ್ ಆದರೆ ದೋಷ ಟ್ಯಾಂಕ್ ಕಡೆಯ ಪೈಪಿನಲ್ಲಿದೆ. ಆಗದಿದ್ದರೆ ಫೀಡ್ ಪಂಪಿನಿಂದ ಮುಂದೆ ಹುಡುಕಿ: ಪ್ರೈಮರಿನ ಸೀಲ್, ಫೀಡ್ ಪಂಪಿನ ವಾಲ್ವ್, ಫಿಲ್ಟರ್ ಬೌಲಿನ ರಬ್ಬರ್, ಪೈಪ್ ಬೋಲ್ಟುಗಳ ಕಾಪರ್ ವಾಷರ್. ಪ್ರೈಮರ್ ಗುಬುಟನ್ನು ಬಿಗಿಯಾಗಿ ತಿರುಗಿಸಿ ಕೂರಿಸದೆ ಬಿಟ್ಟರೆ ಅಲ್ಲಿಂದಲೂ ಗಾಳಿ ಹೋಗುತ್ತದೆ.

ಕಾಪರ್ ವಾಷರ್ ಪ್ರತಿ ಸಲ ಹೊಸದು ಹಾಕಿ, ನಾಲ್ಕು ಕಾಸು ಉಳಿಸಲು ಹೋಗಬೇಡಿ. ಹೊಸದು ಸಿಗದ ಜಾಗದಲ್ಲಿದ್ದರೆ ಹಳೆಯದನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿ. ತಾಮ್ರ ಮೆತ್ತಗಾಗಿ ಮತ್ತೆ ಸರಿಯಾಗಿ ಕೂರುತ್ತದೆ. ನಲ್ಲಿಗೆ ಸುತ್ತುವ ಬಿಳಿ ಟೇಪ್ ಡೀಸೆಲ್ ಲೈನಿಗೆ ಬೇಡವೇ ಬೇಡ. ಅದರ ಚೂರು ಹರಿದು ಒಳಗೆ ಹೋಗುತ್ತದೆ. ಅಂಗಡಿಯಲ್ಲಿ ಸಿಗುವ ಅಗ್ಗದ ನೀರಿನ ಪೈಪೂ ಬೇಡ, ಡೀಸೆಲಿಗೆ ಊದಿಕೊಂಡು ಒಳಗೇ ಮುಚ್ಚಿಕೊಳ್ಳುತ್ತದೆ.

ಗಾಳಿ ತೆಗೆಯುವಾಗ ಮೊದಲು ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ, ಆಮೇಲೆ ಪಂಪಿನದು. ಬರೀ ಗುಳ್ಳೆ ಹೋಗಿ ಗಟ್ಟಿ ಧಾರೆ ಬರುವ ತನಕ ಪ್ರೈಮರ್ ಒತ್ತುತ್ತಿರಿ, ಒತ್ತುತ್ತಿರುವಾಗಲೇ ಸ್ಕ್ರೂ ಬಿಗಿಯಿರಿ. ಕೈ ಬಿಟ್ಟು ಬಿಗಿದರೆ ಗಾಳಿ ಮತ್ತೆ ಒಳಗೆ. ನಾಝಲ್ (ಸಿಲಿಂಡರಿನೊಳಗೆ ಡೀಸೆಲ್ ಸಿಂಪಡಿಸುವ ಭಾಗ) ಪೈಪ್ ಸಡಿಲಿಸುವುದಾದರೆ ಬೆರಳು ಅಡ್ಡ ಹಿಡಿಯಬೇಡಿ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ.

ಹಳೇ ಲಾರಿಗಳ ಪಂಪ್ ಬಹುಪಾಲು ಮೈಕೋದ್ದು. 1951ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ ಈಗ ಬಾಷ್ ಎಂಬ ಹೆಸರಿನಲ್ಲಿರುವ ಕಂಪನಿಯದು. ಶುದ್ಧ ಡೀಸೆಲ್ ಕೊಟ್ಟರೆ ವರ್ಷಗಟ್ಟಲೆ ಬಾಳುವ ಪಂಪ್ ಅದು. ಸುಮ್ಮಸುಮ್ಮನೆ ಬಿಚ್ಚಿಸಿ ಅದರ ಸೆಟ್ಟಿಂಗ್ ಕೆಡಿಸಬೇಡಿ.

ಬಿಳಿ ಹೊಗೆ ಬಂದರೆ

ಹಳೇ ಟೆಂಪೋ, ಕೆಲವು ಪಿಕಪ್‌ಗಳಲ್ಲಿ ಸ್ಟಾರ್ಟ್ ಮಾಡುವಾಗ ಎಂಜಿನ್ ಒಳಗೆ ಬಿಸಿ ಕೊಡುವ ಹೀಟರ್ ಪ್ಲಗ್ ಇರುತ್ತದೆ. ಪ್ಲಗ್ಗಿನ ವೈರ್ ಬಿಚ್ಚಿ, ಟೆಸ್ಟ್ ಲ್ಯಾಂಪಿನ ಒಂದು ತುದಿ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದನ್ನು ಪ್ಲಗ್ ತಲೆಗೆ ಮುಟ್ಟಿಸಿ. ದೀಪ ಹತ್ತದಿದ್ದರೆ ಪ್ಲಗ್ ಸತ್ತಿದೆ. 407, 1210ರಂಥ ಹಳೇ ಟಾಟಾ ಗಾಡಿಗಳಲ್ಲಿ ಹೀಟರ್ ಪ್ಲಗ್ ಇಲ್ಲ, ಹುಡುಕಬೇಡಿ.

ಏರ್ ಫಿಲ್ಟರ್ ಹತ್ತಿರ ಪೆಟ್ರೋಲ್ ಬಟ್ಟೆ ಹಿಡಿಯುವುದು, ಸ್ಟಾರ್ಟಿಂಗ್ ಸ್ಪ್ರೇ ಹೊಡೆಯುವುದು ಖಂಡಿತ ಬೇಡ. ಹೀಟರ್ ಪ್ಲಗ್ ಕೆಂಪಗಿರುವಾಗ ಸ್ಪ್ರೇ ಹೊಡೆದರೆ ಒಳಗೇ ಸಿಡಿಯುತ್ತದೆ. ಪ್ಲಗ್ ಇಲ್ಲದ ಎಂಜಿನ್‌ನಲ್ಲೂ ಅವಧಿಗೆ ಮೊದಲೇ ಹತ್ತಿಕೊಂಡು ಪಿಸ್ಟನ್ ರಿಂಗ್ ಮುರಿಯುತ್ತದೆ. ಇವತ್ತು ಸ್ಟಾರ್ಟ್ ಆಯಿತು ಅಂತ ಖುಷಿಪಟ್ಟವರು ಆಮೇಲೆ ಎಂಜಿನ್ ಇಳಿಸಿದ್ದನ್ನು ನೋಡಿದ್ದೇನೆ.

ಬಿಳಿ ಹೊಗೆಗೆ ಉಳಿದ ಕಾರಣ ನಾಝಲ್ ಅಥವಾ ಕಂಪ್ರೆಷನ್. ಮೊದಲು ನಾಝಲ್ ಬಿಚ್ಚಿ ಪಂಪ್ ಅಂಗಡಿಯಲ್ಲಿ ಟೆಸ್ಟ್ ಮಾಡಿಸಿ. ಮಂಜಿನಂತೆ ಸಿಂಪಡಿಸದೆ ತೊಟ್ಟಿಕ್ಕುತ್ತಿದ್ದರೆ ಬದಲಿಸಿ. ನಾಝಲ್ ಸರಿ ಇದೆ, ಎಂಜಿನ್ ಬಿಸಿಯಾದ ಮೇಲೂ ಆಯಿಲ್ ಮುಚ್ಚಳ ತೆಗೆದರೆ ಹೊಗೆ ಬುಸುಬುಸು ಬರುತ್ತದೆ ಅಂದರೆ ರಿಂಗ್, ಬೋರ್ (ಸಿಲಿಂಡರಿನ ಒಳಗೋಡೆ) ಸವೆದಿದೆ. ಆಗಲೂ ಕಂಪ್ರೆಷನ್ ಟೆಸ್ಟ್ ಮಾಡಿಸಿ, ಒಂದೊಂದು ಸಿಲಿಂಡರಿನ ಅಂಕಿಯನ್ನೂ ಬರೆಸಿಕೊಳ್ಳಿ. ಒಂದೇ ಸಿಲಿಂಡರ್ ಕಡಿಮೆ ತೋರಿಸಿದರೆ ಟ್ಯಾಪೆಟ್ ಸೆಟ್ಟಿಂಗ್ (ವಾಲ್ವಿಗೆ ಬಿಡುವ ಸಂದಿ), ವಾಲ್ವ್ ಮೊದಲು ನೋಡಿಸಿ. ಎಲ್ಲವೂ ಕಡಿಮೆ ಇದ್ದರೆ ಮಾತ್ರ ಬೋರ್ ಕೆಲಸಕ್ಕೆ ಒಪ್ಪಿಕೊಳ್ಳಿ.