ಆರು ಸೆಕೆಂಡ್ ಎಲ್ಲಿಂದ ತರುವುದು? ಬಿಜಿಎಂಐ ಆಟದಲ್ಲಿ ಔಷಧ ಬಳಸುವ ಕ್ರಮ

ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ, ಅಂದರೆ ಎಲ್ಲರ ಬಾಯಲ್ಲೂ ಬಿಜಿಎಂಐ ಎಂದೇ ಓಡಾಡುವ, ಕೊನೆಯವರೆಗೆ ಉಳಿದವರು ಗೆಲ್ಲುವ ಮೊಬೈಲ್ ಶೂಟಿಂಗ್ ಆಟದಲ್ಲಿ, ಸೋತವನು ಬಿಟ್ಟುಹೋದ ಪೆಟ್ಟಿಗೆಯನ್ನು ತೆರೆದು ನೋಡಿದರೆ ಆತ ಹೇಗೆ ಆಡಿದ ಎಂಬುದು ಬಹುಮಟ್ಟಿಗೆ ತಿಳಿದುಬಿಡುತ್ತದೆ. ನಾಲ್ಕು ಫಸ್ಟ್ ಏಡ್ ಕಿಟ್, ಏಳೆಂಟು ಎನರ್ಜಿ ಡ್ರಿಂಕ್, ಒಂದು ಮೆಡ್ ಕಿಟ್ ಬೆನ್ನ ಮೇಲಿನ ಚೀಲದಲ್ಲಿ ಇರುವಾಗಲೇ ಆತ ಆರೋಗ್ಯ ಸಾಲದೆ ಸೋತಿರುತ್ತಾನೆ. ಔಷಧ ಬೇಕಾದಷ್ಟಿತ್ತು, ಅದನ್ನು ಬಳಸಲು ಬೇಕಾದ ಆರು ಸೆಕೆಂಡ್ ಆತನ ಬಳಿ ಇರಲಿಲ್ಲ. ಈ ಆಟದಲ್ಲಿ ಆರೋಗ್ಯವನ್ನು ನಿಭಾಯಿಸುವುದೆಂದರೆ ಆ ಸೆಕೆಂಡ್‌ಗಳನ್ನು ಎಲ್ಲಿಂದ ಹೊಂದಿಸಿಕೊಳ್ಳಬೇಕು ಎಂದು ಮೊದಲೇ ಲೆಕ್ಕ ಹಾಕುವುದು.

ಹಳೆಯ ಶೂಟಿಂಗ್ ಆಟಗಳಲ್ಲಿ ಈ ಲೆಕ್ಕವೇ ಇರಲಿಲ್ಲ. 1993ರಲ್ಲಿ ಬಂದ ಡೂಮ್ ಆಟದಲ್ಲಿ ನೆಲದ ಮೇಲಿದ್ದ ಮೆಡಿಕಿಟ್ ಮೇಲೆ ಕಾಲಿಟ್ಟರೆ ಸಾಕು, ಆ ಕ್ಷಣವೇ 25 ಅಂಕ ಆರೋಗ್ಯ ಸೇರುತ್ತಿತ್ತು. 2005ರ ಕಾಲ್ ಆಫ್ ಡ್ಯೂಟಿ 2ರಲ್ಲಿ ಗೋಡೆಯ ಮರೆಯಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತರೆ ಗಾಯ ತಾನಾಗಿಯೇ ಮಾಯುತ್ತಿತ್ತು. ಪಬ್‌ಜಿ ಮತ್ತು ಅದರ ಭಾರತೀಯ ರೂಪವಾಗಿ 2021ರ ಜುಲೈನಲ್ಲಿ ಬಿಡುಗಡೆಯಾದ ಬಿಜಿಎಂಐ ಎರಡನ್ನೂ ಬಿಟ್ಟು ಮೂರನೆಯ ದಾರಿ ಹಿಡಿದವು. ಇಲ್ಲಿ ಔಷಧವನ್ನು ಹುಡುಕಿ ಚೀಲಕ್ಕೆ ಹಾಕಿಕೊಳ್ಳಬೇಕು, ಅದರ ಭಾರ ಹೊರಬೇಕು, ಬಳಸುವಾಗ ಬಂದೂಕನ್ನು ಕೆಳಗಿಳಿಸಿ ಕೆಲವು ಸೆಕೆಂಡ್ ಅಸಹಾಯಕರಾಗಿ ಕಾಯಬೇಕು.

ಮೊದಲು ಅಂಕೆಗಳನ್ನು ಬಾಯಿಪಾಠ ಮಾಡಿಕೊಳ್ಳಿ

ಆಟಗಾರನ ಪೂರ್ಣ ಆರೋಗ್ಯ 100. ಬ್ಯಾಂಡೇಜ್ 4 ಸೆಕೆಂಡ್ ತೆಗೆದುಕೊಂಡು 10 ಅಂಕ ಕೊಡುತ್ತದೆ. ಫಸ್ಟ್ ಏಡ್ ಕಿಟ್ 6 ಸೆಕೆಂಡ್‌ನಲ್ಲಿ ಆರೋಗ್ಯವನ್ನು ಒಮ್ಮೆಲೇ 75ಕ್ಕೆ ಏರಿಸುತ್ತದೆ. ಇವೆರಡಕ್ಕೂ 75ರಿಂದ ಮೇಲೆ ಹೋಗುವ ಶಕ್ತಿ ಇಲ್ಲ. 100ರವರೆಗೆ ತುಂಬುವುದು ಮೆಡ್ ಕಿಟ್ ಮಾತ್ರ, ಅದಕ್ಕೆ 8 ಸೆಕೆಂಡ್ ಬೇಕು.

ಈ ಮೂರು ಅಂಕೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪು ತಾನಾಗಿ ಕಾಣುತ್ತದೆ. ನಿಮ್ಮ ಆರೋಗ್ಯ 68 ಇದ್ದಾಗ ಫಸ್ಟ್ ಏಡ್ ಕಿಟ್ ಒತ್ತಿದರೆ 6 ಸೆಕೆಂಡ್ ಕಳೆದು ಸಿಗುವುದು ಬರೀ 7 ಅಂಕ. ಅದೇ 7 ಅಂಕವನ್ನು ಒಂದು ಬ್ಯಾಂಡೇಜ್ 4 ಸೆಕೆಂಡ್‌ನಲ್ಲಿ ಕೊಡುತ್ತಿತ್ತು. ಆರೋಗ್ಯ 58 ಇದ್ದಾಗ ಲೆಕ್ಕ ತಿರುಗುತ್ತದೆ, ಏಕೆಂದರೆ ಎರಡು ಬ್ಯಾಂಡೇಜ್ ಕಟ್ಟಲು 8 ಸೆಕೆಂಡ್ ಬೇಕು, ಕಿಟ್‌ಗೆ 6 ಸಾಕು. ಆದ್ದರಿಂದ 65ರ ಗೆರೆಯನ್ನು ನೆನಪಿಟ್ಟುಕೊಳ್ಳಿ: ಅದರ ಮೇಲೆ ಬ್ಯಾಂಡೇಜ್, ಅದರ ಕೆಳಗೆ ಕಿಟ್. ಇನ್ನು 15 ಅಂಕ ಮಾತ್ರ ಉಳಿದಿರುವಾಗ ಎದುರಾಳಿ ದೂರದಲ್ಲಿದ್ದಾನೆ ಎಂಬುದು ಖಚಿತವಿದ್ದರೆ, ಫಸ್ಟ್ ಏಡ್ ಕಿಟ್‌ಗಿಂತ ಕೇವಲ 2 ಸೆಕೆಂಡ್ ಹೆಚ್ಚು ಕೊಟ್ಟು ಮೆಡ್ ಕಿಟ್‌ನಿಂದ 25 ಅಂಕ ಹೆಚ್ಚುವರಿಯಾಗಿ ಪಡೆಯಬಹುದು. ಮೆಡ್ ಕಿಟ್ ಅಪರೂಪದ ವಸ್ತು ಎಂದು ಪಂದ್ಯದ ಕೊನೆಯವರೆಗೂ ಜತನ ಮಾಡಿ, ಕೊನೆಗೆ ಬಳಸದೆಯೇ ಎದುರಾಳಿಯ ಪಾಲಿಗೆ ಬಿಟ್ಟುಹೋಗುವವರೇ ಹೆಚ್ಚು.

ಆ 25 ಅಂಕ ಅಷ್ಟೊಂದು ಮುಖ್ಯವೇ ಎಂದು ಕೇಳಬಹುದು. ಎರಡನೇ ಹಂತದ ಜಾಕೆಟ್ ಎದೆಗೆ ಬೀಳುವ ಪೆಟ್ಟನ್ನು ಶೇಕಡ 40ರಷ್ಟು ತಗ್ಗಿಸುತ್ತದೆ. ಹಾಗೆ ತಗ್ಗಿದ ಮೇಲೆ ಎಂ416 ಬಂದೂಕಿನ ಒಂದು ಗುಂಡು ಕಳೆಯುವುದು ಹೆಚ್ಚುಕಡಿಮೆ 25 ಅಂಕ. ಅಂದರೆ 75ಕ್ಕೂ 100ಕ್ಕೂ ಇರುವ ಅಂತರ ಒಂದು ಗುಂಡಿನದು. ಇಬ್ಬರೂ ಮುಖಾಮುಖಿಯಾಗಿ ಗುಂಡು ಹಾರಿಸುತ್ತಿರುವಾಗ ಗೆಲುವು ಸೋಲು ತೀರ್ಮಾನವಾಗುವುದೂ ಬಹುತೇಕ ಅಷ್ಟರಲ್ಲೇ.

ಬೂಸ್ಟ್ ಎಂಬ ಉಳಿತಾಯ ಖಾತೆ

ಆರೋಗ್ಯದ ಪಟ್ಟಿಯ ಜೊತೆಯಲ್ಲೇ ನಾಲ್ಕು ತುಂಡುಗಳಾಗಿ ಕಾಣುವ ತೆಳು ಪಟ್ಟಿಯನ್ನು ಆಟಗಾರರು ಬೂಸ್ಟ್ ಎನ್ನುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇಡೀ ಆಟದಲ್ಲಿ ಅತ್ಯಂತ ಕಡೆಗಣನೆಗೆ ಒಳಗಾದ ಸಂಗತಿ ಇದು. ಎನರ್ಜಿ ಡ್ರಿಂಕ್ 4 ಸೆಕೆಂಡ್‌ನಲ್ಲಿ 40 ಅಂಕ ಬೂಸ್ಟ್ ಕೊಡುತ್ತದೆ, ಪೇನ್‌ಕಿಲ್ಲರ್ 6 ಸೆಕೆಂಡ್‌ನಲ್ಲಿ 60 ಅಂಕ ಕೊಡುತ್ತದೆ. ಅಡ್ರಿನಲಿನ್ ಸಿರಿಂಜ್ ಒಂದೇ ಏಟಿಗೆ ಪಟ್ಟಿಯನ್ನು ಪೂರ್ತಿ ತುಂಬುತ್ತದೆ, ಆದರೆ ಅದನ್ನು ಪಡೆಯಲು ಸಾಮಾನ್ಯವಾಗಿ ವಿಮಾನದಿಂದ ಬೀಳುವ ಏರ್‌ಡ್ರಾಪ್ ಪೆಟ್ಟಿಗೆಯ ಹಿಂದೆ ಓಡಬೇಕು.

ಬೂಸ್ಟ್ ಇರುವಷ್ಟು ಹೊತ್ತು ಪ್ರತಿ 8 ಸೆಕೆಂಡ್‌ಗೊಮ್ಮೆ ಆರೋಗ್ಯ ಸ್ವಲ್ಪ ಸ್ವಲ್ಪ ಏರುತ್ತದೆ. ಮೊದಲ ತುಂಡಿನಲ್ಲಿ 1 ಅಂಕ, ಎರಡನೆಯದರಲ್ಲಿ 2, ಮೂರನೆಯದರಲ್ಲಿ 3, ನಾಲ್ಕನೆಯದರಲ್ಲಿ 4. ಮುಖ್ಯವಾದ ವಿಷಯವೆಂದರೆ ಇದಕ್ಕೆ 75ರ ತಡೆ ಇಲ್ಲ. ಜೊತೆಗೆ ಬೂಸ್ಟ್ 60 ದಾಟಿದರೆ ಓಟದ ವೇಗವೂ ಸ್ವಲ್ಪ ಹೆಚ್ಚುತ್ತದೆ. ಬಯಲಿನಲ್ಲಿ ಒಂದು ಬಂಡೆಯಿಂದ ಮತ್ತೊಂದು ಬಂಡೆಗೆ ದಾಟುವಾಗ ಆ ಸ್ವಲ್ಪದ ಬೆಲೆ ತಿಳಿಯುತ್ತದೆ.

ಇಲ್ಲಿಯೂ ಒಂದು ಚಿಕ್ಕ ಲೆಕ್ಕವಿದೆ. ಡ್ರಿಂಕ್ ಆಗಲಿ ಪೇನ್‌ಕಿಲ್ಲರ್ ಆಗಲಿ ಸೆಕೆಂಡ್‌ಗೆ 10 ಅಂಕದಂತೆಯೇ ಬೂಸ್ಟ್ ಕೊಡುತ್ತವೆ. ಆದರೆ ಡ್ರಿಂಕ್‌ನ ಭಾರ 4, ಪೇನ್‌ಕಿಲ್ಲರ್‌ನ ಭಾರ 10. ಮೇಲಾಗಿ ಡ್ರಿಂಕ್ ಕುಡಿಯುವಾಗ ಹೆಜ್ಜೆ ಸಪ್ಪಳ ಕೇಳಿ ಮಧ್ಯದಲ್ಲೇ ನಿಲ್ಲಿಸಬೇಕಾಗಿ ಬಂದರೆ ನಷ್ಟವಾಗುವುದು ಹೆಚ್ಚೆಂದರೆ 4 ಸೆಕೆಂಡ್, ಪೇನ್‌ಕಿಲ್ಲರ್ ಆದರೆ 6. ಎರಡು ಡ್ರಿಂಕ್ ಒಂದರ ಹಿಂದೊಂದು ಕುಡಿದರೆ ಬೂಸ್ಟ್ 80ಕ್ಕೆ ನಿಲ್ಲುತ್ತದೆ. ಆಗ 75ರಲ್ಲಿರುವ ಆರೋಗ್ಯ ಸುಮಾರು 70 ಸೆಕೆಂಡ್‌ಗಳಲ್ಲಿ ತಾನಾಗಿಯೇ 100 ಮುಟ್ಟುತ್ತದೆ. ಪಂದ್ಯದ ನಡುವಿನಲ್ಲಿ ಅಷ್ಟು ಸಮಯ ಧಾರಾಳವಾಗಿ ಸಿಗುವುದರಿಂದ ಫಸ್ಟ್ ಏಡ್ ಕಿಟ್ ಮತ್ತು ಎರಡು ಡ್ರಿಂಕ್ ಎಂಬ ಜೋಡಿ ಬಡವರ ಮೆಡ್ ಕಿಟ್ ಇದ್ದ ಹಾಗೆ. ಆಡುವ ಪ್ರದೇಶ ಕುಗ್ಗುತ್ತಾ ಬಂದು ಉಳಿಯುವ ಕೊನೆಯ ವೃತ್ತದಲ್ಲಿ 70 ಸೆಕೆಂಡ್ ಎಂಬುದು ಒಂದು ಯುಗ. ಅಲ್ಲಿಗೆ ನಿಜವಾದ ಮೆಡ್ ಕಿಟ್ಟೇ ಬೇಕು.

ಬೂಸ್ಟ್ ನಿಧಾನವಾಗಿ ಕರಗುತ್ತಾ ಹೋಗುವುದರಿಂದ ಅದನ್ನು ಜಗಳಕ್ಕೆ ಮೊದಲೇ ತುಂಬಿಕೊಳ್ಳಬೇಕು. ಒಂದು ಮನೆಯೊಳಗೆ ಎದುರಾಳಿ ಇದ್ದಾನೆ ಎಂದು ಗೊತ್ತಾಗಿ, ನುಗ್ಗಲೇಬೇಕೆಂದು ನಿರ್ಧರಿಸಿದ ಮೇಲೆ ಹೊರಗಿನ ಗೋಡೆಯ ಮಗ್ಗುಲಲ್ಲಿ ಎರಡು ಡ್ರಿಂಕ್ ಮುಗಿಸಿಯೇ ಒಳಗೆ ಕಾಲಿಡಿ.

ಚೀಲ ತುಂಬುವ ಕ್ರಮ

ಒಂದು ಫಸ್ಟ್ ಏಡ್ ಕಿಟ್‌ನ ಭಾರ 10. ಅಷ್ಟೇ ಜಾಗದಲ್ಲಿ 5.56 ಮಿ.ಮೀ. ಗುಂಡುಗಳು ಇಪ್ಪತ್ತು ಹಿಡಿಯುತ್ತವೆ. ಬ್ಯಾಂಡೇಜ್‌ನ ಭಾರ 2, ಮೆಡ್ ಕಿಟ್‌ನದು 20. ಹಾಗಾಗಿ ಸಿಕ್ಕಿದ್ದನ್ನೆಲ್ಲ ಬಾಚಿಕೊಳ್ಳುವ ಬದಲು ಗುರಿ ಇಟ್ಟುಕೊಂಡು ಆರಿಸಬೇಕು. ನಾನು ಇಟ್ಟುಕೊಳ್ಳುವುದು ಐದು ಬ್ಯಾಂಡೇಜ್, ನಾಲ್ಕು ಫಸ್ಟ್ ಏಡ್ ಕಿಟ್, ಎಂಟು ಡ್ರಿಂಕ್, ಎರಡು ಪೇನ್‌ಕಿಲ್ಲರ್, ಮತ್ತು ಸಿಕ್ಕರೆ ಒಂದು ಮೆಡ್ ಕಿಟ್. ಇಪ್ಪತ್ತು ಬ್ಯಾಂಡೇಜ್ ಹೊತ್ತು ತಿರುಗುವವರನ್ನು ಕಂಡಿದ್ದೇನೆ. ಅವೆಲ್ಲವನ್ನೂ ಕಟ್ಟಿಕೊಳ್ಳಲು 80 ಸೆಕೆಂಡ್ ಬೇಕೆಂಬುದನ್ನು ಅವರು ಯೋಚಿಸಿದಂತಿಲ್ಲ.

ಸೆಟ್ಟಿಂಗ್ಸ್‌ನಲ್ಲಿ ಪಿಕಪ್ ವಿಭಾಗಕ್ಕೆ ಹೋದರೆ ಯಾವ ವಸ್ತುವನ್ನು ಎಷ್ಟರವರೆಗೆ ತಾನಾಗಿ ಎತ್ತಿಕೊಳ್ಳಬೇಕು ಎಂದು ಗೊತ್ತುಪಡಿಸಬಹುದು. ಪಂದ್ಯಕ್ಕೆ ಮೊದಲೇ ಇದನ್ನು ಹೊಂದಿಸಿಟ್ಟರೆ ಮನೆಗಳ ಒಳಗೆ ನಿಂತು ಎಣಿಸುತ್ತಾ ಕಾಲ ಕಳೆಯುವುದು ತಪ್ಪುತ್ತದೆ. ಎರಾಂಗಲ್ ನಕ್ಷೆಯಲ್ಲಿ ಆಸ್ಪತ್ರೆ ಎಂಬ ಜಾಗವೇ ಇದ್ದರೂ ಔಷಧಕ್ಕೆಂದೇ ಅಲ್ಲಿಗೆ ಇಳಿಯುವ ಅಗತ್ಯವಿಲ್ಲ. ಹಳ್ಳಿಯ ನಾಲ್ಕು ಮನೆ ಜಾಲಾಡಿದರೆ ಆರಂಭಕ್ಕೆ ಬೇಕಾದಷ್ಟು ಸಿಗುತ್ತದೆ.

ಗುಂಡು ತಗುಲಿದ ಮೇಲೆ ಮಾಡಬೇಕಾದದ್ದು

ಒಂದು ಸನ್ನಿವೇಶವನ್ನು ಹತ್ತಿರದಿಂದ ನೋಡೋಣ. ನೀವು ಇಳಿಜಾರಿನಲ್ಲಿ ಓಡುತ್ತಿದ್ದೀರಿ, ಎಡಗಡೆಯಿಂದ ಗುಂಡು ಬಂದು ಆರೋಗ್ಯ 100ರಿಂದ 32ಕ್ಕೆ ಇಳಿದಿದೆ, ಹೇಗೋ ಒಂದು ಬಂಡೆಯ ಹಿಂದೆ ಬಂದು ಬಿದ್ದಿದ್ದೀರಿ. ಬೆರಳು ತಾನಾಗಿ ಔಷಧದ ಗುಂಡಿಯತ್ತ ಹೋಗುತ್ತದೆ. ಅದನ್ನು ತಡೆಯಿರಿ. ಮೊದಲು ಎದುರಾಳಿ ಎಷ್ಟು ದೂರದಲ್ಲಿದ್ದಾನೆ ಎಂದು ಅಂದಾಜು ಮಾಡಿ. ಆತ 6 ಸೆಕೆಂಡ್‌ಗಳೊಳಗೆ ನಿಮ್ಮ ಬಂಡೆಯನ್ನು ಸುತ್ತಿ ಬರುವಷ್ಟು ಹತ್ತಿರವಿದ್ದರೆ ಕಿಟ್ ಒತ್ತುವುದು ಆತ್ಮಹತ್ಯೆಗೆ ಸಮ. 32 ಅಂಕದಲ್ಲಿಯೇ ಬಂದೂಕು ಹಿಡಿದು ಕಾಯುವುದು ಲೇಸು. ಆತ ದೂರವಿದ್ದರೆ ಬಂಡೆಯ ಅಂಚಿನಿಂದ ಒಂದೆರಡು ಗುಂಡು ಅವನತ್ತ ಹಾರಿಸಿ. ತಗುಲಬೇಕೆಂದೇನಿಲ್ಲ. ಈ ಕಡೆ ಬಂದೂಕು ಇನ್ನೂ ಎದ್ದೇ ಇದೆ ಎಂದು ಅವನಿಗೆ ಅನ್ನಿಸಿದರೆ ಸಾಕು, ಆತ ಮರೆಯಲ್ಲಿ ಒಂದಿಷ್ಟು ಹೊತ್ತು ತಡೆಯುತ್ತಾನೆ. ಆ ತಡವೇ ನಿಮಗೆ ಬೇಕಾದ ಆರು ಸೆಕೆಂಡ್.

ಗುಂಡು ಹಾರಿಸಿದ ಜಾಗದಲ್ಲೇ ಕುಳಿತು ಔಷಧ ಬಳಸಬಾರದು, ಬಂಡೆಯ ಇನ್ನೊಂದು ತುದಿಗೆ ಸರಿದು ಬಳಸಬೇಕು. ಮರೆ ಸಾಲದಿದ್ದರೆ ಸ್ಮೋಕ್, ಅಂದರೆ ಹೊಗೆ ಬಾಂಬ್, ಎಸೆಯಿರಿ, ಆದರೆ ಹೊಗೆ ಹರಡಲು ಸ್ವಲ್ಪ ಸಮಯ ಬೇಕೆಂಬುದನ್ನು ಮರೆಯದೆ ಹೊಗೆ ದಟ್ಟವಾದ ಮೇಲೆಯೇ ಕಿಟ್ ಒತ್ತಿ. ಔಷಧ ಪೂರ್ತಿಯಾಗುವ ಮೊದಲೇ ಬಿಟ್ಟರೆ ಆ ವಸ್ತು ಚೀಲದಲ್ಲೇ ಉಳಿಯುತ್ತದೆ, ಕಳೆದದ್ದು ಸಮಯ ಮಾತ್ರ. ಆದ್ದರಿಂದ ಹೆಜ್ಜೆ ಸಪ್ಪಳ ಹತ್ತಿರವಾದ ಕೂಡಲೇ ಕೈಬಿಡಲು ಹಿಂಜರಿಯಬೇಡಿ. ಒಮ್ಮೆ ಎರಾಂಗಲ್ ನಕ್ಷೆಯ ಪೊಚಿಂಕಿ ಊರಿನ ಒಂದು ಮನೆಯ ಮಹಡಿಯಲ್ಲಿ ಕುಳಿತು ಮೆಡ್ ಕಿಟ್ ಬಳಸುತ್ತಿದ್ದಾಗ ಕೆಳಗೆ ಬಾಗಿಲು ತೆರೆದ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸಿತ್ತು. ಇನ್ನೆರಡೇ ಸೆಕೆಂಡ್ ಅಲ್ಲವೇ ಎಂದು ಆಸೆಬಿದ್ದು ಕುಳಿತೆ. ಆ ಎರಡು ಸೆಕೆಂಡ್ ಮೆಟ್ಟಿಲು ಹತ್ತಿ ಬರಲು ಆತನಿಗೂ ಸಾಕಾಗಿತ್ತು.

ಎಫ್‌ಪಿಪಿ, ಅಂದರೆ ಪಾತ್ರದ ಕಣ್ಣಿನಿಂದಲೇ ನೋಡಿ ಆಡುವ ಬಗೆಯಲ್ಲಿ, ಈ ಎಚ್ಚರ ಇನ್ನೂ ಹೆಚ್ಚು ಬೇಕು. ಟಿಪಿಪಿಯಲ್ಲಿ ಕ್ಯಾಮೆರಾ ಪಾತ್ರದ ಬೆನ್ನ ಹಿಂದೆ ಇರುವುದರಿಂದ ಗೋಡೆಯ ಮರೆಯಲ್ಲಿ ಕುಳಿತೇ ಆಚೆ ಬದಿಯನ್ನು ನೋಡುತ್ತಾ ಔಷಧ ಬಳಸಬಹುದು. ಎಫ್‌ಪಿಪಿಯಲ್ಲಿ ಗೋಡೆಗೆ ಮುಖ ಮಾಡಿ ಕುಳಿತರೆ ಕಾಣುವುದು ಗೋಡೆಯೇ. ಆದ್ದರಿಂದ ಮೂಲೆಗೆ ಬೆನ್ನು ಕೊಟ್ಟು, ಬಾಗಿಲಿನತ್ತ ಮುಖ ಮಾಡಿ ಕುಳಿತುಕೊಂಡು ಆಮೇಲೆ ಗುಂಡಿ ಒತ್ತಬೇಕು. ಇಯರ್‌ಫೋನ್ ಇಲ್ಲದೆ ಎಫ್‌ಪಿಪಿ ಆಡುವುದೆಂದರೆ ಕಣ್ಣು ಕಟ್ಟಿಕೊಂಡು ರಸ್ತೆ ದಾಟಿದಂತೆ.

ಜೊತೆಗಾರ ಬಿದ್ದಾಗ

ನಾಲ್ವರ ತಂಡವಾಗಿ ಆಡುವ ಸ್ಕ್ವಾಡ್ ಆಟದಲ್ಲಿ ಜೊತೆಗಾರ ನಾಕ್ ಆದರೆ, ಅಂದರೆ ಪೂರ್ತಿ ಸೋಲದೆ ನೆಲಕ್ಕೆ ಬಿದ್ದರೆ, ಅವನನ್ನು ಎಬ್ಬಿಸಲು ಸುಮಾರು 10 ಸೆಕೆಂಡ್ ಬೇಕು, ಎದ್ದ ಮೇಲೂ ಅವನಿಗಿರುವುದು ಅತ್ಯಲ್ಪ ಆರೋಗ್ಯ. ಅವನು ಮತ್ತೆ ಜಗಳಕ್ಕೆ ಲಾಯಕ್ಕಾಗಲು ಇನ್ನೊಂದು ಫಸ್ಟ್ ಏಡ್ ಕಿಟ್‌ನ 6 ಸೆಕೆಂಡ್ ಸೇರಿಸಿ ಒಟ್ಟು 16 ಎಂದು ಲೆಕ್ಕ ಹಾಕಿಕೊಳ್ಳಬೇಕು. ಅಷ್ಟು ಹೊತ್ತು ಉಳಿದ ಇಬ್ಬರಲ್ಲಿ ಒಬ್ಬರಾದರೂ ಬಂದೂಕು ಹಿಡಿದು ಕಾವಲಿರಬೇಕು. ಮೂವರೂ ಒಟ್ಟಿಗೆ ಬಗ್ಗಿ ಕುಳಿತ ತಂಡವನ್ನು ಒಂದು ಗ್ರೆನೇಡ್ ಮುಗಿಸುತ್ತದೆ. ಬಿದ್ದವನಿಗೆ ತೆವಳಲು ಬರುತ್ತದೆ, ಆದ್ದರಿಂದ ನೀವು ಬಯಲಿಗೆ ಓಡುವ ಬದಲು ಅವನನ್ನೇ ಮರೆಯತ್ತ ಕರೆಯಿರಿ. ಎದ್ದವನ ಚೀಲದಲ್ಲಿ ಕಿಟ್ ಇಲ್ಲದಿದ್ದರೆ ಕೇಳುವವರೆಗೆ ಕಾಯದೆ ಒಂದನ್ನು ನೆಲಕ್ಕೆ ಹಾಕಿಕೊಡಿ.

ನೀಲಿ ವಲಯ ಮತ್ತು ಕೊನೆಯ ವೃತ್ತ

ಕುಗ್ಗುತ್ತಾ ಬರುವ ವೃತ್ತದ ಹೊರಗೆ ಉಳಿದವರ ಆರೋಗ್ಯವನ್ನು ಕಳೆಯುತ್ತಾ ಹೋಗುವ ನೀಲಿ ವಲಯದ ಏಟಿಗೆ ಜಾಕೆಟ್ ಹೆಲ್ಮೆಟ್ ಯಾವುದೂ ಅಡ್ಡ ಬರುವುದಿಲ್ಲ. ಮೊದಲ ವೃತ್ತಗಳಲ್ಲಿ ಅದು ಕಚ್ಚುವುದು ಅಷ್ಟು ನಿಧಾನವಾಗಿ ಎಂದರೆ ಬೂಸ್ಟ್ ತುಂಬಿಕೊಂಡವನು ಓಡುತ್ತಲೇ ಬಹುಪಾಲು ನಷ್ಟವನ್ನು ತುಂಬಿಕೊಳ್ಳಬಹುದು. ಅಲ್ಲಿ ನಿಂತು ಕಿಟ್ ಬಳಸುವುದು ಸಮಯದ ಪೋಲು. ಕೊನೆಯ ವೃತ್ತಗಳಲ್ಲಿ ಮಾತ್ರ ಕಥೆ ಬೇರೆ. ಕಿಟ್ ತುಂಬುವ 6 ಸೆಕೆಂಡ್‌ಗಳಲ್ಲಿ ವಲಯವೇ ಭಾರಿ ಪಾಲನ್ನು ತಿಂದುಹಾಕುವುದರಿಂದ ಔಷಧದ ಬಲದ ಮೇಲೆ ಹೊರಗೆ ಉಳಿಯುವ ಯೋಚನೆ ಬಿಟ್ಟು ಒಳಗೆ ಜಾಗ ಹಿಡಿಯಬೇಕು. ವಾಹನದಲ್ಲಿ ಹೋಗುತ್ತಿದ್ದರೆ ಓಡಿಸುವವನನ್ನು ಬಿಟ್ಟು ಉಳಿದವರು ದಾರಿಯಲ್ಲೇ ಡ್ರಿಂಕ್ ಮುಗಿಸಿಕೊಳ್ಳಲಿ.

ಐದಾರು ಜನ ಮಾತ್ರ ಉಳಿದಿದ್ದಾರೆ ಎಂದು ಪರದೆಯ ಮೂಲೆಯ ಅಂಕೆ ತೋರಿಸತೊಡಗಿದ ಮೇಲೆ ಉಳಿತಾಯದ ಮಾತೇ ಇಲ್ಲ. ಬೂಸ್ಟ್ 60ರಿಂದ ಕೆಳಗಿಳಿದ ಪ್ರತಿ ಸಲವೂ ಇನ್ನೊಂದು ಡ್ರಿಂಕ್ ಕುಡಿಯಿರಿ, ಆರೋಗ್ಯ 90 ಇದ್ದರೂ ಸುತ್ತ ಸದ್ದಿಲ್ಲದಿದ್ದರೆ ಆ ಮೆಡ್ ಕಿಟ್ ಬಳಸಿಬಿಡಿ, ಖಾಲಿಯಾದ ಭಾರದ ಜಾಗದಲ್ಲಿ ಬಿದ್ದವರ ಪೆಟ್ಟಿಗೆಯಿಂದ ಎರಡು ಸ್ಮೋಕ್ ಎತ್ತಿಕೊಳ್ಳಿ.